ಒಂದಕ್ಷರ ಹೆಚ್ಚಿನ ಡಿಸ್ಕು

ಹಾನುಬಾಳಿನಾಚೆಯ ಕಾಫಿ ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್ ಆಗಿದ್ದ ದಯಾನಂದನ ಹೊಟ್ಟೆಗೆ ಕಿಚ್ಚು ಹತ್ತಿಸಿದ್ದು ಬೆಂಕಿಪೊಟ್ಟಣಕ್ಕಿಂತ ತುಸು ಅಗಲವಾದ ಒಂದು ಪ್ಲಾಸ್ಟಿಕ್ ಬಿಲ್ಲೆ.

ಆ ಬಿಲ್ಲೆ ಪಕ್ಕದ ಕ್ವಾರ್ಟರ್ಸಿನ ಯೋಗಾನಂದನದು. ಯೋಗಾನಂದ ಅದೇ ಎಸ್ಟೇಟಿನ ಸ್ಟೋರ್ ನೋಡಿಕೊಳ್ಳುವವನು. ಹಡಗಿನಲ್ಲಿ ಕೆಲಸ ಮಾಡುವ ಅವನ ಬಾಮೈದ ಜಪಾನಿನ ಯಾವುದೋ ಬಂದರಿನಿಂದ ಅವನಿಗೊಂದು ಹಾಡಿನ ಮಿಷಿನ್ ತಂದುಕೊಟ್ಟಿದ್ದ. ಮೊಬೈಲ್ ಎಂದರೆ ಮಾತಾಡುವುದಕ್ಕೆ, ಅದೂ ಸಿಗ್ನಲ್ ಸಿಗುವ ಗುಡ್ಡ ಹತ್ತಿದರೆ ಮಾತ್ರ ಎನ್ನುವ ಕಾಲ ಅದು. ಸಿಡಿಯನ್ನು ಎಲ್ಲರೂ ನೋಡಿದ್ದರು. ಆದರೆ ಚೌಕದ ಕವಚದೊಳಗೆ ಕೂತು ಅಂಗಿಯ ಜೇಬಿಗೆ ಇಳಿಯುವ ಪುಟ್ಟ ಡಿಸ್ಕನ್ನು ಆ ಸುತ್ತಿನಲ್ಲಿ ಯಾರೂ ಕಂಡಿರಲಿಲ್ಲ. "ಇದ್ಕೆ ಎಂಡಿ ಅಂತಾರೆ" ಎಂದು ಯೋಗಾನಂದ ಮ್ಯಾನೇಜರಿಗೂ ತೋರಿಸಿದ, ಕೂಲಿ ಲೈನಿನ ಆಳುಗಳಿಗೂ ತೋರಿಸಿದ, ಹಾಲು ಹಾಕಲು ಬಂದವನಿಗೂ ತೋರಿಸಿದ.

ಇಷ್ಟನ್ನೂ ದಯಾನಂದ ಹೇಗೋ ನುಂಗಿಕೊಂಡಿದ್ದ. ನುಂಗಲಾಗದೆ ಗಂಟಲಲ್ಲಿ ಸಿಕ್ಕಿಕೊಂಡದ್ದು ಬೇರೆ. ಒಂದು ವಾರದಿಂದ ಅವನ ಹೆಂಡತಿ ನೇತ್ರಾವತಿ ಮಧ್ಯಾಹ್ನ ಪಾತ್ರೆ ತೊಳೆದು ಬೋರಲು ಹಾಕಿದವಳೇ ಪಕ್ಕದ ಮನೆಗೆ ನಡೆಯುತ್ತಿದ್ದಳು. ಶನಿವಾರ ದಯಾನಂದ ಅರ್ಧ ಗಂಟೆ ಮೊದಲೇ ಮನೆಗೆ ಬಂದ. ಬೇಲಿಯಾಚೆ ಯೋಗಾನಂದನ ಜಗಲಿ. ಯೋಗಾನಂದನ ತಾಯಿ ರಾಜಲಕ್ಷ್ಮಮ್ಮ ಅವರೆಕಾಯಿ ಸುಲಿಯುತ್ತಿದ್ದಾರೆ. ಪಕ್ಕದಲ್ಲಿ ನೇತ್ರಾವತಿ ಎರಡೂ ಕಿವಿಗೆ ಆ ಮಿಷಿನ್ನಿನ ಬಿರಡೆ ಸಿಕ್ಕಿಸಿಕೊಂಡು, ಕಣ್ಣು ಮುಚ್ಚಿ, ನಗುತ್ತಿದ್ದಾಳೆ. ಮದುವೆಯಾಗಿ ಒಂಬತ್ತು ವರ್ಷದಲ್ಲಿ ದಯಾನಂದನ ಯಾವ ಮಾತಿಗೂ ಅವಳ ಮುಖದ ಮೇಲೆ ಆ ನಗು ಬಂದಿರಲಿಲ್ಲ.

ಭಾನುವಾರ ಬೆಳಿಗ್ಗೆ ಅಕ್ಕಿರೊಟ್ಟಿ ಮುರಿಯುತ್ತಾ ಕೇಳಿದ, "ಅಲ್ಲ, ಅಂಥಾದ್ದೇನೈತೆ ಆ ಮಿಷಿನ್ನಲ್ಲಿ?"

"ನಿಮಗ್ಯಾಕ್ ಬಿಡಿ, ಹಾಡಿನ್ ವಿಷಯ" ಎಂದಳು ನೇತ್ರಾವತಿ, ಇನ್ನೊಂದು ರೊಟ್ಟಿ ಹಾಕುತ್ತಾ.

ರೊಟ್ಟಿ ತಟ್ಟೆಯಲ್ಲೇ ಉಳಿಯಿತು. ಹತ್ತು ಗಂಟೆಗೆ ದಯಾನಂದ ಸಕಲೇಶಪುರದ ಬಸ್ಸಿನಲ್ಲಿದ್ದ.

ಬಸ್ ಸ್ಟ್ಯಾಂಡಿನ ಹಿಂದೆ ಶಿವಯ್ಯನ ರಿಪೇರಿ ಅಂಗಡಿ. ರೇಡಿಯೋದಿಂದ ಮೊಬೈಲಿನವರೆಗೆ ಸತ್ತದ್ದು, ಸಾಯುತ್ತಿರುವುದು ಎಲ್ಲಕ್ಕೂ ಅಲ್ಲಿ ಜಾಗ. ದಯಾನಂದ ತನಗೂ ಒಂದು ಎಂಡಿ ಬೇಕೆಂದ.

"ಎಂಡಿನಾ? ಅದ್ಯಾಕ್ ಸಾರ್? ಅದ್ರಲ್ಲಿ ಬರೀ ಹಾಡು. ತುಂಬಬೌದು, ಕೇಳಬೌದು, ಮುಗೀತು." ಶಿವಯ್ಯ ಡ್ರಾಯರಿನಿಂದ ಕರಿ ಮೀನಿನ ಹಾಗೆ ಮಿರುಗುವ ಒಂದು ಸಾಮಾನು ತೆಗೆದ. ನಡುವೆ ಅಂಗೈಯಷ್ಟು ಪರದೆ, ಎರಡೂ ಕಡೆ ಗುಂಡಿಗಳು. ಹಿಂದಿನ ಬಾಗಿಲು ತೆರೆದರೆ ಒಳಗೊಂದು ಪುಟ್ಟ ಡಿಸ್ಕು! "ಯಾರೋ ಎಸ್ಟೇಟ್ ಓನರ್ ಮಗಂದು, ಮಾರಕ್ಕೆ ಬಿಟ್ಟಿದ್ದಾರೆ. ಆಟ ಆಡಬೌದು, ಪಿಚ್ಚರ್ ನೋಡಬೌದು. ಇದ್ರ ಡಿಸ್ಕಿಗೆ ಏನಂತಾರೆ ಗೊತ್ತಾ? ಯುಎಂಡಿ."

"ಯುಎಂಡಿ?"

"ಹ್ಞೂಂ ಸಾರ್. ಅದು ಎಂಡಿ, ಇದು ಯುಎಂಡಿ. ಒಂದಕ್ಷರ ಜಾಸ್ತಿ."

ಆ ಒಂದಕ್ಷರ ದಯಾನಂದನ ಎದೆಗೆ ತಂಪಾಗಿ ಇಳಿಯಿತು. ಮದುವೆಯಲ್ಲಿ ಮಾವ ಕಟ್ಟಿದ್ದ ಕೈಗಡಿಯಾರವನ್ನು ಬಿಚ್ಚಿ ಶಿವಯ್ಯನ ಮೇಜಿನ ಮೇಲಿಟ್ಟು ಮಿಷಿನ್ ಎತ್ತಿಕೊಂಡ. ಬಸ್ಸಿನಲ್ಲಿ ಪಕ್ಕದವರು ಗಂಟೆ ಕೇಳಿದಾಗ ಬರಿಗೈ ನೋಡಿಕೊಂಡು, "ಹನ್ನೊಂದೂವರೆ ಇರ್ಬೇಕು" ಎಂದು ಖುಷಿಯಿಂದಲೇ ಹೇಳಿದ.

ಕ್ವಾರ್ಟರ್ಸಿನ ಮುಂದೆ ಮೊದಲು ಸಿಕ್ಕಿದವನು ಜೀಪ್ ಡ್ರೈವರ್ ಬೋರಯ್ಯ. ಬೋರಯ್ಯನಿಗೆ ತೋರಿಸಿದರೆ ಸಾಕು, ಡಂಗುರದ ಖರ್ಚು ಉಳಿಯುತ್ತದೆ. ಹತ್ತು ನಿಮಿಷದಲ್ಲಿ ಅಂಗಳ ತುಂಬಿತು. ಪರದೆಯ ಮೇಲೆ ಕೆಂಪು ಕಾರೊಂದು ಗುಯ್ ಎಂದು ಓಡಿತು.

"ಅಯ್ಯೋ, ಒಳಗೆ ಕೂತಿರೋರು ಯಾರಪ್ಪ? ಬಿದ್ದುಗಿದ್ದಾರು, ಒಸಿ ನಿಧಾನ ಓಡ್ಸಕ್ಕೇಳು" ಎಂದರು ರಾಜಲಕ್ಷ್ಮಮ್ಮ.

ಯೋಗಾನಂದ ಹಿಂದೆ ನಿಂತು ಇಣುಕಿದ. ಅವನ ಬಾಯಿ ಸ್ವಲ್ಪ ತೆರೆದಿತ್ತು. ಅದನ್ನು ನೋಡಿ ದಯಾನಂದನಿಗೆ ಕೈಗಡಿಯಾರ ವಸೂಲಾಯಿತು ಅನ್ನಿಸಿತು. ಅಷ್ಟರಲ್ಲಿ ನೇತ್ರಾವತಿ ಕೈ ಒರೆಸಿಕೊಳ್ಳುತ್ತಾ ಬಂದು ಒಂದೇ ಮಾತು ಕೇಳಿದಳು.

"ಹಾಡೆಲ್ಲಿ?"

ಕಾರು ಹೋಗಿ ಗೋಡೆಗೆ ಗುದ್ದಿತು. ಡಿಸ್ಕಿನಲ್ಲಿದ್ದದ್ದು ಕಾರಿನ ಆಟವೊಂದೇ. ಆದರೆ ಇಡೀ ಎಸ್ಟೇಟ್ ಮುಂದೆ ನಿಂತಿದೆ.

"ಹಾಡೂ ಐತೆ. ಯೋಗಣ್ಣನ ಮಿಷಿನ್ನಲ್ಲಿ ಬರೋದೆಲ್ಲಾ ಇದ್ರಲ್ಲೂ ಬತ್ತದೆ. ನಾಲ್ಕು ಗಂಟೆಗೆ ಎಲ್ರೂ ಬನ್ನಿ, ಕೇಳಿಸ್ತೀನಿ" ಎಂದುಬಿಟ್ಟ ದಯಾನಂದ.

ಊಟವಾದ ಮೇಲೆ ಯೋಗಾನಂದನಿಗೆ ಸ್ಟೋರಿನಿಂದ ಕರೆ ಬಂತು, ಗೊಬ್ಬರದ ಲಾರಿ ಬಂದಿದೆಯೆಂದು. ನೇತ್ರಾವತಿ ಲೈನಿನ ಹುಲಿಯಮ್ಮನನ್ನು ಮಾತಾಡಿಸಿ ಬರುತ್ತೇನೆಂದು ಹೋದಳು. ದಯಾನಂದ ಬೆಕ್ಕಿನ ಹೆಜ್ಜೆಯಲ್ಲಿ ಪಕ್ಕದ ಜಗಲಿ ಹತ್ತಿದ.

"ಅಮ್ಮಾ, ಯೋಗಣ್ಣನ ಡಿಸ್ಕು ಒಂದ್ಗಳಿಗೆ ಬೇಕಿತ್ತು."

"ಆ ಬಿಲ್ಲೆನಾ? ಕಿಟಕಿ ಮೇಲೈತೆ, ತಗೊಂಡೋಗಪ್ಪ. ಹೆಂಗೂ ನಿಮ್ಮನೇದೇ ಅಲ್ವಾ" ಎಂದರು ರಾಜಲಕ್ಷ್ಮಮ್ಮ, ಅವರೆಕಾಯಿಯಿಂದ ತಲೆ ಎತ್ತದೆ. ಎಂಥ ದೊಡ್ಡ ಮನಸ್ಸು ಎಂದುಕೊಂಡು ದಯಾನಂದ ಬಿಲ್ಲೆಯನ್ನು ಜೇಬಿಗಿಳಿಸಿದ.

ಅಡುಗೆಮನೆಯಲ್ಲಿ ಬಾಗಿಲು ಹಾಕಿ ಕೂತ. ಹಾಕಿದ ಬಾಗಿಲನ್ನು ಕಂಡರೆ ತಟ್ಟದೆ ಹೋಗದ ಬೋರಯ್ಯನೂ ಬಂದು ಸೇರಿಕೊಂಡ.

ಎಂಡಿ ಬಿಲ್ಲೆ ಯುಎಂಡಿ ಬಾಗಿಲಿಗೆ ಒಂದು ಕೂದಲೆಳೆ ದೊಡ್ಡದು.

"ಹೋಗಲ್ಲ ಅಂತೈತಲ್ರೀ ರೈಟ್ರೇ. ಜಾತಿ ಬೇರೆ ಇರ್ಬೇಕು" ಎಂದ ಬೋರಯ್ಯ.

"ಯಾವ್ ಬೇರೆ? ಇದಕ್ಕೆ ಅದಕ್ಕಿಂತ ಒಂದಕ್ಷರ ಜಾಸ್ತಿ ಐತೆ. ಬಿ.ಎ. ಓದ್ದೋನು ಎಸ್ಸೆಲ್ಸಿ ಪುಸ್ತಕ ಓದಕ್ಕಾಗಲ್ವಾ?"

ಬೋರಯ್ಯ ಬಿಲ್ಲೆಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದ. "ಹಂಗಾದ್ರೆ ಒಸಿ ತುಪ್ಪ ಸವರಿ" ಎಂದ. ತುಪ್ಪ ಸವರಿ ಒತ್ತಿದರು. ಬಿಲ್ಲೆ ಮೀನಿನಂತೆ ಜಾರಿ ಒಲೆಯ ಹಿಂದೆ ಹೋಯಿತು. ಸೌಟಿನಿಂದ ಎಳೆದು ತೆಗೆದರು. ದೊಡ್ಡದಿರುವುದು ಬರೀ ಕವಚ, ಒಳಗಿನ ಡಿಸ್ಕು ಸಣ್ಣದೇ ಎಂದು ದಯಾನಂದನಿಗೆ ಹೊಳೆಯಿತು. ಈಳಿಗೆಮಣೆಯ ತುದಿಯಿಂದ ಕವಚ ಮೀಟಿದ. ಟಪ್ಪೆಂದು ಅದು ಎರಡು ಹೋಳಾಗಿ ಒಳಗಿನಿಂದ ಕಾಮನಬಿಲ್ಲಿನ ಬಣ್ಣದ ತೆಳ್ಳನೆ ಚಕ್ರ ಹೊರಬಿತ್ತು. ಅದೂ ಅಂಚಿನಲ್ಲಿ ಒಂದು ನೂಲಿನಷ್ಟು ಹೆಚ್ಚಿತ್ತು.

"ಸುತ್ತಾ ಒಂದು ನೂಲು ತೆಗುದ್ರೆ ಸರಿಹೋಗ್ತದೆ" ಎಂದ ದಯಾನಂದ.

"ಹಾಡು ಕಟ್ಟಾಗಲ್ವಾ?"

"ಹಾಡೆಲ್ಲಾ ಮಧ್ಯದಲ್ಲಿರ್ತದೆ ಕಣೋ. ಅಂಚಲ್ಲಿ ಬರೀ ಮ್ಯೂಜಿಕ್ಕು."

ಗೋಡೆಗೂಡಿನಲ್ಲಿದ್ದ ಅಡಕತ್ತರಿ ತೆಗೆದ. ಅಡಿಕೆ ಕತ್ತರಿಸಿ ಪಳಗಿದ ಕೈ. ದೋಸೆಯ ಸೀದ ಅಂಚು ತೆಗೆಯುವವನಂತೆ ಸುತ್ತಲೂ ಕಚಕ್ ಕಚಕ್ ಎಂದು ಸವರಿ ಮಿಷಿನ್ನಿನೊಳಗೆ ಕೂರಿಸಿ ಬಾಗಿಲು ಅಮುಕಿದ. ಮಿಷಿನ್ ಡಬ್ಬಿಯೊಳಗೆ ಸಿಕ್ಕ ಜೀರುಂಡೆಯ ಹಾಗೆ ಒಂದು ಸಲ ಕಿರುಗುಟ್ಟಿತು, ಮತ್ತೊಂದು ಸಲ ಕಿರುಗುಟ್ಟಿತು, ಆಮೇಲೆ ಒಳಗಿನಿಂದ ಹಪ್ಪಳ ಮುರಿದಂಥ ಸದ್ದು ಬಂತು.

ಬಾಗಿಲು ತೆರೆದರೆ ಡಿಸ್ಕು ಮೂರು ಚೂರು.

ಬೋರಯ್ಯ ಎದ್ದು ನಿಂತು ಪಂಚೆ ಕೊಡವಿದ. "ರೈಟ್ರೇ, ನಾನಿಲ್ಲಿಗೆ ಬಂದೇ ಇಲ್ಲ. ನಾನು ಬೆಳಿಗ್ಗೆಯಿಂದ ವನಗೂರಲ್ಲಿದ್ದೆ" ಎಂದು ಹಿತ್ತಲ ಬಾಗಿಲಿನಿಂದ ಮಾಯವಾದ.

ದಯಾನಂದ ಹೇರ್‌ಪಿನ್ನಿನಿಂದ ಚೂರು ಆರಿಸಿದ. ಕಾರಿನ ಡಿಸ್ಕು ವಾಪಸ್ ಹಾಕಿ ನೋಡಿದ. ಪುಣ್ಯಕ್ಕೆ ಕಾರು ಓಡಿತು. ಆದರೆ ಈ ಚೂರುಗಳನ್ನು ಏನೆಂದು ಹೇಳಿ ಹಿಂದಿರುಗಿಸುವುದು? ಯೋಚಿಸುತ್ತಿರುವಾಗಲೇ ಮುಂಬಾಗಿಲಲ್ಲಿ ದನಿ ಕೇಳಿತು.

"ದಯಣ್ಣಾ, ಇದ್ದೀಯಾ?"

ಯೋಗಾನಂದ! ಚೂರುಗಳನ್ನು ಲುಂಗಿಯ ಮಡಿಲಿಗೆ ಸಿಕ್ಕಿಸಿಕೊಂಡು ದಯಾನಂದ ಹೊರಗೆ ಬಂದ. ಯೋಗಾನಂದನ ಕೈಯಲ್ಲಿ ಹಾಡಿನ ಮಿಷಿನ್ ಇತ್ತು.

"ಡಿಸ್ಕು ನೀನು ತಂದ್ಯಂತೆ, ಅವ್ವ ಹೇಳ್ತು."

"ಅದು... ಯೋಗಣ್ಣಾ... ಒಂದ್ನಿಮಿಷ..."

"ಇರ್ಲಿ ಮಾರಾಯ, ಅದಕ್ಕಲ್ಲ ನಾನ್ ಬಂದಿದ್ದು." ಯೋಗಾನಂದ ತಲೆ ತಗ್ಗಿಸಿದ. "ನಿನ್ ಹತ್ರ ಮುಚ್ಚಿಡೋದೇನು. ನಿನ್ನ ಕಾರು ನೋಡಿದಾಗಿಂದ ಹೊಟ್ಟೆ ಉರೀತಾ ಐತೆ. ಸ್ಟೋರಲ್ಲಿ ಗೊಬ್ಬರದ್ ಮೂಟೆ ಎಣ್ಸೋದು ಮೂರು ಸಲ ತಪ್ಪಿಸ್ದೆ. ಕಣ್ಮುಚ್ಚುದ್ರೆ ಕೆಂಪು ಕಾರು. ನನ್ನ ಮಿಷಿನ್ ನಿನಗಿರ್ಲಿ, ನಿಂದು ನನಗೆ ಕೊಡ್ತೀಯಾ? ಡಿಸ್ಕು ಹೆಂಗೂ ನಿಮ್ಮನೇಲೇ ಐತಲ್ಲ, ಅದೂ ನಿಮಗೇ ಇರ್ಲಿ."

ದಯಾನಂದನಿಗೆ ಕಿವಿಯಲ್ಲಿ ಓಲಗ ಊದಿದಂತಾಯಿತು. ಡಿಸ್ಕು ವಾಪಸ್ ಕೊಡಬೇಕಿಲ್ಲ. ನಾಲ್ಕು ಗಂಟೆಗೆ ಯಾರಿಗೂ ಹಾಡು ಕೇಳಿಸಬೇಕಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ಈ ಯೋಗಾನಂದ, ಇಡೀ ಎಸ್ಟೇಟಿನ ಹೊಟ್ಟೆ ಉರಿಸಿದ ಯೋಗಾನಂದ, ತನ್ನನ್ನು ನೋಡಿ ಹೊಟ್ಟೆ ಉರಿದುಕೊಂಡು ಬಾಗಿಲಿಗೆ ಬಂದಿದ್ದಾನೆ!

"ಬೇರೆ ಯಾರಾದ್ರೂ ಆಗಿದ್ರೆ ಕೊಡ್ತಿರ್ಲಿಲ್ಲ. ನೀನು ಕೇಳ್ದೆ ಅಂತ ಕೊಡ್ತಿದ್ದೀನಿ" ಎಂದು ದೊಡ್ಡ ಮನಸ್ಸು ಮಾಡಿದವನ ಗತ್ತಿನಲ್ಲಿ ಮಿಷಿನ್ ಬದಲಾಯಿಸಿಕೊಂಡ. ಯೋಗಾನಂದ ಕಳೆದ ಕೂಸು ಸಿಕ್ಕಿದವನಂತೆ ಅದನ್ನು ಎದೆಗವಚಿಕೊಂಡು ಓಡಿದ.

ದಯಾನಂದ ನೇರ ಬಚ್ಚಲಿಗೆ ಹೋಗಿ ಚೂರುಗಳನ್ನೂ ಕವಚವನ್ನೂ ಹಂಡೆಯೊಲೆಗೆ ಎಸೆದ. ಹಾಡು ಬೇಕಾದರೆ ಯೋಗಾನಂದನ ಬಾಮೈದ ಮುಂದಿನ ಸಲ ಬಂದಾಗ ಇನ್ನೊಂದು ಡಿಸ್ಕು ತರಿಸಿದರಾಯಿತು. ಬಿಲ್ಲೆ ಹಸಿರು ಉರಿ ಕಾರುತ್ತಾ ಮುದುಡಿ ಕರಗಿತು.

ಸ್ವಲ್ಪ ಹೊತ್ತಿಗೆ ನೇತ್ರಾವತಿ ಬಂದಳು. "ಏನ್ರೀ ಅದು ಸುಟ್ಟ ವಾಸ್ನೆ?" ಎಂದವಳು ಮೇಜಿನ ಮೇಲಿದ್ದ ಮಿಷಿನ್ ನೋಡಿ ಅಲ್ಲೇ ನಿಂತಳು.

"ಇವತ್ತಿಂದ ಅದು ನಮ್ದು. ಇನ್ನು ಹಾಡು ಕೇಳಕ್ಕೆ ಯಾರ ಜಗಲೀನೂ ಹತ್ಬೇಕಾಗಿಲ್ಲ ನೀನು" ಎಂದ ದಯಾನಂದ ಎದೆಯುಬ್ಬಿಸಿ.

ನೇತ್ರಾವತಿಯ ಕಣ್ಣು ತುಂಬಿಬಂತು. ಶನಿವಾರ ಬೇಲಿಯಾಚೆ ಕಂಡಿದ್ದ ಅದೇ ನಗು ಈಗ ಅವನೆದುರಿಗೇ ಅರಳಿತು.

"ನಿಮಗೆ ಗೊತ್ತಾಗ್ಬುಡ್ತಾ? ಯಾರ್ ಹೇಳುದ್ರು? ಗೊತ್ತಾಗೇ ತಂದಿದ್ದೀರಿ, ಅಲ್ವಾ?"

"ಏನ್ ಗೊತ್ತಾಗೋದು?"

"ನಾನು ಹಾಡಿರೋದು ಕಣ್ರೀ! ನಮ್ಮ ತಾಯಮ್ಮಜ್ಜಿ ಹೇಳ್ಕೊಟ್ಟಿದ್ದ ಸೋಬಾನೆ ಪದ ಹನ್ನೊಂದು, ಒಂದು ವಾರ ಕೂತು ಆ ಡಿಸ್ಕಿಗೆ ತುಂಬಿದ್ದೀನಿ. ಹಾಡಿ ಕಳ್ಸಿದೋರಲ್ಲಿ ನಾಕು ಜನನ ಆರಿಸಿ ಹಾಸನದ ರೇಡಿಯೋದಲ್ಲಿ ಹಾಡುಸ್ತಾರಂತೆ. ನಾಳೆನೇ ಕಡೇ ದಿನ. ಯೋಗಣ್ಣನ ಹತ್ರ ಇದ್ದಿದ್ದೇ ಅದೊಂದು ಡಿಸ್ಕು, ಪಾಪ, ನನಗೇ ಬುಟ್ಕೊಟ್ರು. ಆರಿಸ್ಕೊಂಡ್ರೆ ಆಮೇಲೆ ನಿಮಗೆ ಹೇಳನ ಅಂತಿದ್ದೆ. ನೀವು ನೋಡುದ್ರೆ..." ಸೆರಗಿನಿಂದ ಮೂಗೊರೆಸಿಕೊಂಡು ಮಣೆ ಹಾಕಿ ಕೂತಳು, ಎರಡೂ ಕಿವಿಗೆ ಬಿರಡೆ ಸಿಕ್ಕಿಸಿಕೊಂಡಳು. "ಹಾಕ್ರೀ. ನಿಮ್ಮ ಕೈಯಿಂದ್ಲೇ ಹಾಕಿ. ಒಂದ್ಸಲ ಕೇಳ್ಬುಟ್ಟು ನಾಳೆ ಕಳುಸ್ತೀನಿ."

ಅವಳು ಕಣ್ಣು ಮುಚ್ಚಿದಳು. ಬಚ್ಚಲಿನಿಂದ ಪ್ಲಾಸ್ಟಿಕ್ಕಿನ ಹೊಗೆ ತೆಳ್ಳಗೆ ಒಳಗೆ ಬರುತ್ತಿತ್ತು. ದಯಾನಂದ ಒಮ್ಮೆ ಹಿತ್ತಲ ಬಾಗಿಲು ನೋಡಿದ, ಒಮ್ಮೆ ಹೆಂಡತಿಯ ಮುಖ ನೋಡಿದ. ಬೇರೇನೂ ತೋಚದೆ ಖಾಲಿ ಮಿಷಿನ್ನಿನ ಮುಚ್ಚಳ ಹಾಕಿ, ಗುಂಡಿ ಒತ್ತಿದ.

ನೇತ್ರಾವತಿ ಸ್ವಲ್ಪ ಹೊತ್ತು ಕಾದಳು. ಕಣ್ಣು ತೆರೆಯಲಿಲ್ಲ, ನಗುವೂ ಮಾಸಲಿಲ್ಲ.

"ಒಸಿ ಜೋರಾಗಿ ಇಡ್ರೀ" ಎಂದಳು.