ಹಸಿ ಪಪ್ಪಾಯಿ ಮತ್ತು ಅತ್ತೆಯ ಹರಕೆ

ನಿಜಾಮರ ಕಾಲದಲ್ಲಿ ನಾನು ಆಳಂದದ ದವಾಖಾನೆಯಲ್ಲಿ ನರ್ಸ್ ಆಗಿದ್ದೆ. ರೋಗಿಗಳಿಗೆ ಔಷಧಿ ಇತ್ತು, ಅವರನ್ನು ಕರೆತರುವ ಹಿರಿಯರಿಗೆ ಇರಲಿಲ್ಲ. ಹೀಗಾಗಿ ನಗುವುದಕ್ಕೆ ನಮಗೆ ಬರ ಬರಲಿಲ್ಲ.

೧. ಪಾಠ

ಸರಸಂಬಾದ ಒಬ್ಬ ಅತ್ತೆ ಸೊಸೆಯನ್ನು ಕರೆತಂದಳು. ಸೊಸೆಗೆ ಮಕ್ಕಳಾಗಿರಲಿಲ್ಲ, ಅತ್ತೆ ಆಗಲೇ ಮಗನಿಗೆ ಜೇವರ್ಗಿ ಕಡೆ ಎರಡನೇ ಹೆಣ್ಣು ನೋಡಿಟ್ಟಿದ್ದಳು. ಏನು ಕೇಳಿದರೂ ಅತ್ತೆಯೇ ಉತ್ತರ ಕೊಡುತ್ತಿದ್ದಳು, ಸೊಸೆ ನೆಲ ನೋಡುತ್ತಿದ್ದಳು.

ನಮ್ಮ ಡಾಕ್ಟರಮ್ಮನನ್ನು ಎಲ್ಲರೂ 'ಬಾಯಿ' ಎನ್ನುತ್ತಿದ್ದರು; ಹೈದರಾಬಾದಿನಲ್ಲಿ ಕಲಿತವರು. ಹೆಣ್ಣಿನ ಒಡಲಲ್ಲಿ ತತ್ತಿಯ ಚೀಲ ಒತ್ತಡಕ್ಕೆ ಒಡೆಯುತ್ತದೋ, ಯಾವುದೋ ರಸಕ್ಕೆ ಕರಗುತ್ತದೋ ಎಂದು ಆಗ ಪಂಡಿತರಲ್ಲೇ ಜಗಳ. ನಮ್ಮ ಬಾಯಿಯವರದು ಕರಗುತ್ತದೆ ಎನ್ನುವ ಪಕ್ಷ, ಅತ್ತೆಗೂ ಅದನ್ನೇ ಹೇಳಿದರು.

"ಖಂಡ ಬೇಯಿಸೂ ಮುಂದ ಹಸಿ ಪಪ್ಪಾಯಿ ಹಚ್ಚಿದ್ರ ಮೆತ್ತಗ ಆಗ್ತದಲ್ರಿ? ಹಂಗ ಒಳಗಿನ ರಸ ಚೀಲದ ಗೋಡಿ ಕರಗಿಸ್ತದ. ತತ್ತಿ ಹೊರಗ ಬರ್ತದ."

"ತಿಳೀತ್ರಿ," ಎಂದಳು ಅತ್ತೆ. ನನಗೆ ಭಯವಾದದ್ದೇ ಆಗ.

೨. ಪ್ರಯೋಗ

ಮುಂದಿನ ಸಂತೆಯ ದಿನ ಅತ್ತೆಯ ಹಿಂದೆ ಸೊಸೆ ಹೊಟ್ಟೆ ಕೆರೆದುಕೊಳ್ಳುತ್ತಾ ಬಂದಳು. ಹೊಟ್ಟೆಯೆಲ್ಲ ಕೆಂಪು. ಅತ್ತೆ ಪಪ್ಪಾಯಿ ಅರೆದು ಬಳಿದು, ಮೇಲೆ ಬಟ್ಟೆ ಬಿಗಿದಿದ್ದಳು.

"ಮತ್ತೇನೇನು ಹಾಕೀರಿ?" ಬಾಯಿ ಕೇಳಿದರು.

"ಜರಾ ಉಪ್ಪು ಅಷ್ಟೇ ಹಾಕೇನ್ರಿ. ಖಾರ ಹಾಕಿಲ್ಲ, ಹುಟ್ಟೂ ಕೂಸು ತಡಕೊಳ್ಳಂಗಿಲ್ಲ."

"ಆ ರಸ ಮೈಯಾಗ ತಾನ ಹುಟ್ತದರಿ, ತಾಯಿ."

"ಹಂಗಂದ್ರ ಇಕಿ ಮೈಯಾಗ ಹುಟ್ಟಿಲ್ಲಂತಾತು. ಸವತಿ ತರೂದ ನೆಟ್ಟಗ."

ನನಗೆ ಮೈಯೆಲ್ಲ ಉರಿಯಿತು. ಸೊಸೆಯ ಹೊಟ್ಟೆಗೆ ಎಣ್ಣೆ ಹಚ್ಚಿದೆ.

೩. ತೀರ್ಪು

ಜೇವರ್ಗಿಯ ಹೆಣ್ಣಿನ ಅಪ್ಪ ಹುಷಾರಾದ ಮನುಷ್ಯ. ದೋಷ ಸೊಸೆಯದೇ ಎಂದು ಡಾಕ್ಟರ್ ಬಾಯಿಂದಲೇ ಕೇಳಬೇಕೆಂದು ಅತ್ತೆ, ಸೊಸೆಯ ಜೊತೆ ತಾನೂ ಬಂದ.

ಬಾಯಿ ಸೊಸೆಯನ್ನು ಪರೀಕ್ಷೆ ಮಾಡಿದರು. "ಈಕೀದೆಲ್ಲಾ ನೆಟ್ಟಗದ. ಗಂಡನ್ನ ಕರಕೊಂಡು ಬರ್ರಿ, ನೋಡಬೇಕು."

ಅತ್ತೆ ಕೆರಳಿದಳು. "ನನ್ನ ಮಗನ್ನ ಏನ್ ನೋಡ್ತೀರಿ? ಕೂಸಿನ ಸಲುವಾಗಿ ಅವನಷ್ಟು ಕಷ್ಟ ಯಾರೂ ಪಟ್ಟಿಲ್ಲ. ಲಗ್ನ ಆದ ದಿನಾನ ನಾನ ಹರಕಿ ಹೊತ್ತೇನಿ. ಮನ್ಯಾಗ ತೊಟ್ಟಿಲ ಕಟ್ಟೂತನಕ ಅವ ಮನ್ಯಾಗ ಮಲಗಂಗಿಲ್ಲ. ಒಂದು ರಾತ್ರಿನೂ ತಪ್ಪಿಸದಂಗ ದರ್ಗಾದ ಕಟ್ಟಿ ಮ್ಯಾಲ ಮಲಗ್ತಾನ."

ಬಾಯಿ ಕನ್ನಡಕ ತೆಗೆದು ಒರೆಸಿದರು. ಹೆಣ್ಣಿನ ಅಪ್ಪ ಮೆಲ್ಲಗೆ ರುಮಾಲು ಸುತ್ತಿಕೊಂಡ. "ನನ್ನ ಮಗಳೂ ದರ್ಗಾದ ಕಟ್ಟಿ ಮ್ಯಾಲಿನ ಗಂಡನ್ನ ದೂರಿಂದ ನೋಡ್ಕೋತ ಕೂಡಬೇಕೇನ್ರಿ? ನಾ ಬರ್ತೇನಿ," ಎಂದು ಹೊರಟೇಬಿಟ್ಟ.

ಆಗ ಸೊಸೆ ಮೊದಲ ಸಲ ತಲೆ ಎತ್ತಿದಳು.

"ಬಾಯಾರ, ಮನ್ಯಾಗ ಇನ್ನೂ ಅರ್ಧ ಪಪ್ಪಾಯಿ ಉಳದದ. ಅತ್ತೀ ಹರಕಿಗೆ ಹಚ್ಚಿದ್ರ ಕರಗ್ತದೇನ್ರಿ?"