ಕಡಲ ದೇವರ ಎದುರು ನಾನುಟ್ಟ ಗ್ರೀಕ್ ವಸ್ತ್ರ

ಹೈಸ್ಕೂಲಿನಲ್ಲಿ ಇತಿಹಾಸ ಕಲಿಸುವ ನನಗೆ ಗ್ರೀಸ್ ದೇಶದ ಬಗ್ಗೆ ತಿಳಿಯದ್ದು ಏನೂ ಇರಲಿಲ್ಲ. ಪಠ್ಯಪುಸ್ತಕದಲ್ಲಿ ಅದಕ್ಕೆ ಎರಡು ಪುಟವಿದೆ; ನಾನು ಎರಡನ್ನೂ ಓದಿದ್ದೇನೆ. ಹಾಗಾಗಿ ಧಾರೇಶ್ವರದ ನಮ್ಮ ಮನೆಯ ಮಹಡಿ ಕೋಣೆಗೆ ನಿಕೋಸ್ ಎಂಬ ಗ್ರೀಕ್ ಅತಿಥಿ ಬಾಡಿಗೆಗೆ ಬಂದಾಗ ಅವರ ಮಾರ್ಗದರ್ಶನದ ಹೊಣೆಯನ್ನು ನಾನೇ ವಹಿಸಿಕೊಂಡೆ. ಅವರು ಕೇಳಿರಲಿಲ್ಲ.

ನಿಕೋಸ್ ತಮ್ಮ ನಾಡಿನ ಹಳೆಯ ದೇವರುಗಳನ್ನು ಈಗಲೂ ಪೂಜಿಸುವ ಗುಂಪಿನವರು. ಊರಿಗೆ ಮರಳುವ ಮೊದಲು ಕಡಲ ದೇವರಿಗೆ ಹಾಲು, ಜೇನು ಅರ್ಪಿಸಬೇಕೆಂದಿದ್ದರು. ಆದರೆ ಪೂಜೆಯ ವಸ್ತ್ರವಿದ್ದ ಪೆಟ್ಟಿಗೆ ವಿಮಾನದಲ್ಲಿ ಬರುವಾಗ ಕಳೆದುಹೋಗಿತ್ತು. ಆ ವಸ್ತ್ರ ಹೇಗಿರಬೇಕೆಂದು ಅವರು ವಿವರಿಸಿದರು: ಬಿಳಿ ಬಣ್ಣವೆಂದರೆ ಶುದ್ಧಿ. ಹೊಲಿಗೆಯಿಲ್ಲದ ಒಂದೇ ಬಟ್ಟೆಯೆಂದರೆ ಒಡಕಿಲ್ಲದ ಮನಸ್ಸು. ಬಲಭುಜ ಬರಿದಾಗಿರುವುದು ಅರ್ಪಿಸುವ ಕೈಗೆ ಅಡ್ಡಿಯಾಗದಿರಲೆಂದು. ದೇವರ ಮುಂದೆ ಯಾವ ಕಟ್ಟೂ ಇರಬಾರದೆಂದು ಅವರ ಗುಂಪಿನಲ್ಲಿ ಗಂಟು, ಪಿನ್ನು ಹಾಕುವುದಿಲ್ಲವಂತೆ. ಹೂಜಿ ಹಿಡಿಯುವ ಸಹಾಯಕನೂ ಹಾಗೆಯೇ ಉಡಬೇಕಂತೆ.

“ಸಹಾಯಕ ನಾನೇ. ಪಂಚೆ ಉಡುವವರಿಗೆ ಇದನ್ನೆಲ್ಲ ಹೇಳಿಕೊಡಬೇಕಾ?” ಎಂದೆ.

ಬಾಗಿಲಲ್ಲಿ ನಿಂತಿದ್ದ ಹೆಂಡತಿ ಸುಮಾ ಮೆಲ್ಲಗೆ ಕೇಳಿದಳು: “ನೀವು ಪಂಚೆ ಮೇಲೆ ಬೆಲ್ಟ್ ಕಟ್ಟುದು ಅವ್ರಿಗೆ ಗೊತ್ತಿದ್ಯಾ?”

ಆಗ ನಮ್ಮ ಮನೆಯಲ್ಲಿ ಇನ್ನೊಬ್ಬರೂ ಇದ್ದರು. ಹರ್ನಿಯಾ ಆಪರೇಶನ್ ಮಾಡಿಸಿಕೊಂಡು ವಿಶ್ರಾಂತಿಗೆ ಬಂದಿದ್ದ ಸುಮಾಳ ಅಪ್ಪ, ಕರ್ಕಿ ಊರಿನ ನನ್ನ ಮಾವ. ಹೊಸ ವಸ್ತ್ರ ತರಲು ಕುಮಟಾದ ಬಟ್ಟೆ ಅಂಗಡಿಗೆ ಹೋದಾಗ ಈ ಸಂಗತಿ ನನಗೆ ನೆನಪಿರಬೇಕಿತ್ತು. ಅಂಗಡಿಯವನೂ ಕರ್ಕಿಯವನೇ.

“ಬಿಳಿ ಬಟ್ಟೆ ಬೇಕು. ಹೊಸದು. ಅಂಚು, ಹೊಲಿಗೆ ಎಂತದೂ ಇರಬಾರ್ದು,” ಎಂದೆ.

ಅವನ ಮುಖ ಸಣ್ಣದಾಯಿತು. “ಯಾರಿಗೆ, ಮಾಸ್ತರ್ರೆ?”

“ನಮ್ಮನೇಲಿ ಇದ್ರಲ್ಲ, ಅವ್ರಿಗೆ. ನಾಳೆ ಬೆಳಿಗ್ಗೆ ಸಮುದ್ರದ ಬದಿಗೆ ಕಾರ್ಯ.”

“ಛೆ. ಒಳ್ಳೆ ಮನುಷ್ಯ.”

“ಬಹಳ ಒಳ್ಳೆಯವ್ರು. ಆದ್ರೆ ಎಂತ ಮಾಡುದು, ಎಷ್ಟು ದಿನ ಅಂತ ಇಲ್ಲೇ ಇಟ್ಕೊಳ್ಳುದು?”

ಅವನು ಬಟ್ಟೆಯನ್ನು ಎರಡೂ ಕೈಯಲ್ಲಿ ನೀಡಿದ. ಪರದೇಶದ ಧರ್ಮಕ್ಕೂ ನಮ್ಮವರು ತೋರುವ ಗೌರವ ಕಂಡು ನನ್ನ ಎದೆ ತುಂಬಿಬಂತು.

ಮರುದಿನ ಬೆಳಿಗ್ಗೆ ಕಡಲ ದಂಡೆಯಲ್ಲಿ ನಿಕೋಸ್ ತಮ್ಮ ವಸ್ತ್ರವನ್ನು ಎಡಭುಜದ ಮೇಲಿಂದ ಸುತ್ತಿ, ತುದಿಯನ್ನು ಮುಂಗೈ ಮೇಲೆ ಹಾಕಿಕೊಂಡು, ಕೆತ್ತಿಟ್ಟ ಮೂರ್ತಿಯಂತೆ ನಿಂತರು. ನಾನು ಬಿಡಿಸಿಟ್ಟ ಹಾಸಿಗೆಯಂತೆ ನಿಂತೆ. ಅವರು ಕಣ್ಣು ಮುಚ್ಚಿ ಪ್ರಾರ್ಥನೆ ಶುರುಮಾಡಿದ್ದೇ ತಡ, ಗಾಳಿಯೂ ಶುರುವಾಯಿತು. ಹಾಲು ತುಂಬಿದ ಹೂಜಿ ನನ್ನ ಎರಡೂ ಕೈಯಲ್ಲಿತ್ತು. ಹೂಜಿ ಬಿಟ್ಟರೆ ದೇವರಿಗೆ ಅಪಚಾರ. ವಸ್ತ್ರ ಬಿಟ್ಟರೆ ನನಗೆ. ಧರ್ಮಕ್ಕಾಗಿ ನಾನು ಎರಡನೆಯದನ್ನು ಆರಿಸಿಕೊಂಡೆ. ಒಡಕಿಲ್ಲದ ಮನಸ್ಸು ಕಾರವಾರದ ದಿಕ್ಕಿಗೆ ಹಾರಿಹೋಯಿತು.

ಪಟ್ಟೆ ಚಡ್ಡಿಯಲ್ಲಿ ನಿಂತಿದ್ದಾಗ ಹಿಂದಿನಿಂದ ದನಿ ಕೇಳಿತು. “ಮಾಸ್ತರ್ರೆ, ದೇಹ ಎಲ್ಲಿ?”

ತಿರುಗಿ ನೋಡಿದರೆ ಅಂಗಡಿಯವನು. ಅವನ ಹಿಂದೆ ಕರ್ಕಿಯ ಸಮಸ್ತ ನೆಂಟರು, ಕೈಯಲ್ಲೊಂದು ದೊಡ್ಡ ಹಾರ.

“ಯಾವ ದೇಹ?” ಎಂದೆ. ಕಾಣುತ್ತಿದ್ದದ್ದು ನನ್ನದೊಂದೇ.

ನಿಕೋಸ್ ಮಾತ್ರ ಕೊನೆಯ ಹನಿಯವರೆಗೂ ಶ್ರದ್ಧೆಯಿಂದ ಹಾಲೆರೆದು, ಆಮೇಲೆ ನನ್ನತ್ತ ನೋಡಿದರು. “ಬೇಸರ ಬೇಡ. ನಮ್ಮ ಹಿಂದಿನವರು ಆಟದ ಪಂದ್ಯಕ್ಕೆ ಬಟ್ಟೆಯಿಲ್ಲದೆಯೇ ಇಳಿಯುತ್ತಿದ್ದರು,” ಎಂದು ಇಂಗ್ಲಿಷಿನಲ್ಲಿ ಸಮಾಧಾನ ಹೇಳಿದರು. ನಮ್ಮ ಪಠ್ಯಪುಸ್ತಕದಲ್ಲಿ ಇದಿಲ್ಲ.

ನಾವೆಲ್ಲ ಮನೆಗೆ ಬಂದಾಗ ಮಾವ ಜಗಲಿಯಲ್ಲಿ ಕುಳಿತು ಚಾ ಕುಡಿಯುತ್ತಿದ್ದರು. ನೆಂಟರ ಜೊತೆ ಅಳುತ್ತಲೇ ಬಂದಿದ್ದ ಅವರ ತಂಗಿ ಅವರನ್ನು ಕಂಡು ಅಳು ನಿಲ್ಲಿಸುವ ಬದಲು ಇನ್ನೂ ಜೋರು ಮಾಡಿದರು. ಸಂಗತಿ ತಿಳಿಯುತ್ತಲೇ ಸುಮಾ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. “ಆತಾ ನಿಮ್ಮ ಕಾರ್ಯ? ಒಳಗೆ ಹೋಗಿ ಹೊಲಿಗೆ ಇದ್ದದ್ದು ಎಂತಾದ್ರೂ ಹಾಕ್ಕೊಳ್ಳಿ.”

ನಾನು ಅಂಗಿ ತೊಟ್ಟು ಬರುವಷ್ಟರಲ್ಲಿ ಮಾವ ಬ್ಯಾಗ್ ತುಂಬಿಸಿಕೊಂಡು ಮೆಟ್ಟಿಲಿಳಿಯುತ್ತಿದ್ದರು.

“ಎಲ್ಲಿಗೆ, ಮಾವ?”

“ಭಟ್ಕಳಕ್ಕೆ, ಸಣ್ಣ ಮಗಳ ಮನೆಗೆ. ಆ ಅಳಿಯ ಇಷ್ಟೆಲ್ಲ ಓದ್ಲಿಲ್ಲ. ಅಲ್ಲಿ ನಾನು ಸ್ವಲ್ಪ ದಿನ ಬದುಕ್ತೆ.”

ಅವರ ಬ್ಯಾಗ್ ಹೊತ್ತು ಬಸ್‌ಸ್ಟಾಪಿನವರೆಗೆ ಹಿಂದೆ ಹಿಂದೆ ನಡೆದೆ. ದಾರಿಯಲ್ಲಿ ಯಾರಿಗೂ ಏನನ್ನೂ ವಿವರಿಸಲಿಲ್ಲ.