ನೀಲಿ ಲೋಲಕ ಮತ್ತು ಕಲ್ಲಿನಾಥನ ಕಾಯಿ

ಅಫಜಲಪುರದ ಬಸ್ ನಿಲ್ದಾಣದ ಎದುರಿಗೆ ಮೊಬೈಲ್ ರಿಪೇರಿ ಅಂಗಡಿ ಇಟ್ಟಿರುವ ಮಸೂದನಿಗೆ ಕೊರಿಯರ್‌ನಲ್ಲಿ ಒಂದು ಕಲ್ಲು ಬಂತು. ಕಲ್ಲಿನಾಥನ ನೆಮ್ಮದಿ ಕೆಡಲು ಅಷ್ಟೇ ಸಾಕಾಯಿತು.

ಕಲ್ಲೇನು ದೊಡ್ಡದಲ್ಲ. ಹೆಬ್ಬೆರಳಿನಷ್ಟು ಉದ್ದ, ತುದಿ ಚೂಪು, ನುಣ್ಣಗೆ ಮೆರುಗು ಕೊಟ್ಟ ಗಾಢ ನೀಲಿ. ಮೈತುಂಬ ಅಲ್ಲಲ್ಲಿ ಬಂಗಾರದ ಪುಡಿ ಉದುರಿಸಿದ ಹಾಗೆ ಮಿಂಚು. ತಲೆಗೆ ಬೆಳ್ಳಿಬಣ್ಣದ ಸಣ್ಣ ಸರಪಳಿ. ಎತ್ತಿ ಹಿಡಿದರೆ ಗೋಡೆ ಕಟ್ಟುವ ಗೌಂಡಿಯ ತೂಗುಗುಂಡಿನಂತೆ ತೂಗಾಡುತ್ತದೆ. ಮಸೂದನಿಗೆ ಮೊದಲಿನಿಂದಲೂ ಕಲ್ಲು ಕೂಡಿಸುವ ಹುಚ್ಚು. ಭೀಮಾ ದಂಡೆಯಲ್ಲಿ ಹೆಕ್ಕಿದ ಪಟ್ಟೆಪಟ್ಟೆಯ ಕಲ್ಲು, ಎಲ್ಲಿಂದಲೋ ತರಿಸಿದ ಸ್ಫಟಿಕ, ಎಲ್ಲವೂ ಅಂಗಡಿಯ ಗಾಜಿನ ಕಪಾಟಿನಲ್ಲಿ ಕೆಟ್ಟ ಮೊಬೈಲುಗಳ ಪಕ್ಕದಲ್ಲೇ ಕೂತಿರುತ್ತವೆ. ಇದರ ಹೆಸರು ಲಾಜವರ್ದ, ಅಫಘಾನಿಸ್ತಾನದ ಗುಡ್ಡದ ಕಲ್ಲು, ನನ್ನಂಥ ಕಲ್ಲುಹುಚ್ಚರು ಶೋಕಿಗೆ ಇಂಥ ಲೋಲಕ ಇಟ್ಟುಕೊಳ್ಳುತ್ತಾರೆ, ಅಷ್ಟೇ ಎಂದು ಅವನು ಕೇಳಿದವರಿಗೆಲ್ಲ ಹೇಳಿದ. ಅಷ್ಟೇ ಎಂದದ್ದನ್ನು ಮಾತ್ರ ಯಾರೂ ಕೇಳಿಸಿಕೊಳ್ಳಲಿಲ್ಲ.

ಅದು ನೀರು ತೋರಿಸುವ ಕಲ್ಲು ಎಂಬ ಸುದ್ದಿ ಹಬ್ಬಿಸಿದವಳು ಕಸ್ತೂರಿಬಾಯಿ. ರಿಪೇರಿಯಾದ ಮೊಬೈಲು ಕೊಡಲು ಮಸೂದ ಅವಳ ಮನೆಗೆ ಹೋದಾಗ, ಹಿತ್ತಲಲ್ಲಿ ನಿಂತು ಕಿಸೆಯಿಂದ ಕಲ್ಲು ತೆಗೆದು ತೋರಿಸಿದ. ಕಲ್ಲು ಗರಗರನೆ ತಿರುಗಿತು. ಆಕೆ ಅಲ್ಲೇ ಬೋರ್ ಹಾಕಿಸಿದಳು, ನೀರು ಬಂತು. ಗಾಳಿಗೆ ತಿರುಗಿದ್ದು ಎಂದು ಮಸೂದ ಆಣೆ ಮಾಡಿ ಹೇಳಿದ. ದೊಡ್ಡ ವಿದ್ಯೆ ಇದ್ದವರು ಹೀಗೇ ಮಾತಾಡುವುದು ಎಂದು ಆಕೆ ಓಣಿ ತುಂಬ ಹೇಳಿಕೊಂಡು ಬಂದಳು.

ಇದರಿಂದ ಕಲ್ಲಿನಾಥನಿಗೇನು ಎಂದು ನೀವು ಕೇಳಬಹುದು. ನೆಲದಡಿಯ ನೀರು ತೋರಿಸುವುದು ಅವನ ಕಸುಬು. ಆಳಂದದಿಂದ ಜೇವರ್ಗಿಯವರೆಗೆ ಬೋರ್ ಹಾಕಿಸುವವರು ಮೊದಲು ಅವನನ್ನೇ ಕರೆಯುತ್ತಿದ್ದರು. ಜುಟ್ಟಿರುವ ತೆಂಗಿನಕಾಯಿಯನ್ನು ಅಂಗೈ ಮೇಲೆ ಅಡ್ಡ ಮಲಗಿಸಿಕೊಂಡು ಹೊಲದಲ್ಲಿ ನಡೆಯುತ್ತಾನೆ. ಕೆಳಗೆ ನೀರಿದ್ದಲ್ಲಿ ಕಾಯಿ ಎದ್ದು ನಿಲ್ಲುತ್ತದೆ. ನೀರು ಬಂದರೆ ಅದು ಕಾಯಿಯ ಗುಣ. ಬರದಿದ್ದರೆ ಬೋರ್ ಗಾಡಿಯವರು ಓರೆ ಕೊರೆದಿದ್ದಾರೆ ಎಂದು ಅರ್ಥ.

ಈಗ ಕರೆಯುವವರು ಕಡಿಮೆಯಾದರು. ಹಾದಿಯಲ್ಲಿ ಸಿಕ್ಕವರು ಆರೋಗ್ಯ ವಿಚಾರಿಸುವ ಬದಲು ಮಸೂದನ ಕಲ್ಲು ನೋಡಿದಿರಾ ಎಂದು ಕೇಳತೊಡಗಿದರು. ನೋಡಿಲ್ಲ ಎಂದು ಅವನು ಹೇಳುತ್ತಿದ್ದ, ಆದರೆ ಅದು ಸುಳ್ಳು. ಚೆನ್ನಾಗಿಯೇ ಇದ್ದ ತನ್ನ ಮೊಬೈಲಿಗೆ ಹೊಸ ಗಾಜು ಹಾಕಿಸುವ ನೆಪ ಮಾಡಿಕೊಂಡು ಹೋಗಿ ನೋಡಿಬಂದಿದ್ದ. ಕಲ್ಲು ಅವನು ಎಣಿಸಿದ್ದಕ್ಕಿಂತ ಚೆಂದವಿತ್ತು, ಹೊಟ್ಟೆ ಉರಿದದ್ದು ಅದಕ್ಕೇ. ಒಬ್ಬನ ಹತ್ತಿರ ಅಂಥದ್ದೊಂದು ಇರುವಾಗ ಇನ್ನೊಬ್ಬ ಜುಟ್ಟಿನ ಕಾಯಿ ಹಿಡಿದುಕೊಂಡು ತಿರುಗಬೇಕೆಂದರೆ ಯಾರಿಗಾದರೂ ಸಂಕಟವಾಗದೆ ಇರುತ್ತದೆಯೇ?

ಹೀಗಿರುವಾಗ ಮಣ್ಣೂರಿನ ಬಸವಂತರಾಯ ಸಾವಕಾರರು ಕರೆ ಕಳಿಸಿದರು. ಕಲ್ಲಿನಾಥನ ಎದೆ ಹಿಗ್ಗಿತು. ಸಾವಕಾರರು ಯಾರನ್ನು ಮೆಚ್ಚುತ್ತಾರೋ ಯಡ್ರಾಮಿಯವರೆಗಿನ ರೈತರು ಅವರನ್ನೇ ಕರೆಯುತ್ತಾರೆ. ಈ ಬೋರ್ ಒಂದು ತನ್ನ ಕೈಗೆ ಸಿಕ್ಕರೆ ಹೋದ ಹೆಸರು ತಿರುಗಿ ಬಂದಂತೆ. ಬೆಳಿಗ್ಗೆ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಬಿಳಿ ಅಂಗಿ ತೊಟ್ಟು ಹೊರಟ. ಹೆಂಡತಿ ಭಾಗ್ಯಜ್ಯೋತಿ ಕಾಯಿಯನ್ನು ಚೀಲದಲ್ಲಿಟ್ಟು ಕೊಡುತ್ತ, ಬರುವಾಗ ಮಸೂದನ ಕಲ್ಲಿನಂಥ ನೀಲಿಬಣ್ಣದ ಸೀರೆ ಸಿಗುತ್ತದೆಯೋ ನೋಡಿ ಬನ್ನಿ ಎಂದಳು. ಅವನು ಬೈಕಿನ ಕಿಕ್ಕರ್ ಜೋರಾಗಿ ಒದ್ದ.

ಮಣ್ಣೂರಿನ ಹೊಲ ಮುಟ್ಟಿದರೆ ಅಲ್ಲಿ ಮಸೂದನೂ ನಿಂತಿದ್ದ. ಸಾವಕಾರರು ಇಬ್ಬರನ್ನೂ ಕರೆಸಿದ್ದರು. ಗೊಬ್ಬೂರಿನ ಉಸ್ಮಾನಸಾಬರು ತಮ್ಮ ಹೊಲಕ್ಕೂ ಬೋರ್ ಬೇಕೆಂದು ನೋಡಲು ಬಂದಿದ್ದರು. ಇವರ ಜೊತೆಗೆ ಅರ್ಧ ಊರೂ ಬದುವಿನ ಮೇಲೆ ಕೂತಿತ್ತು.

ತೊಗರಿ ಕಟಾವಾಗಿ ಹೊಲ ಬಟಾಬಯಲಾಗಿತ್ತು. ಮೊದಲು ಕಲ್ಲಿನಾಥ ನಡೆದ. ಮೂಡಲ ದಿಕ್ಕಿನ ದಿನ್ನೆಯ ಮೇಲೆ ಕಾಯಿ ಉಂಡು ಮಲಗಿದ ಕೂಸಿನಂತೆ ಅಲ್ಲಾಡದೆ ಬಿದ್ದುಕೊಂಡಿತು. ಇಲ್ಲಿ ಹನಿ ನೀರೂ ಇಲ್ಲ ಎಂದು ಅವನು ಮನಸ್ಸಿನಲ್ಲೇ ಬರೆದಿಟ್ಟುಕೊಂಡು ಮುಂದೆ ಹೋದ. ಬಾವಿಯ ಹತ್ತಿರ ಕಾಯಿ ಎದ್ದು ನಿಂತಿತು. ಹಳೆಯ ಬಾವಿಯ ಪಕ್ಕದಲ್ಲಿ ನೀರು ತೋರಿಸಲು ಕಾಯಿ ಯಾಕೆ ಬೇಕು ಎಂದು ಬದುವಿನ ಮೇಲಿದ್ದವರು ನಕ್ಕರು.

ಆಮೇಲೆ ಮಸೂದ ಸರಪಳಿ ಹಿಡಿದು ಹೊರಟ. ಬಿಸಿಲಿಗೆ ನೀಲಿಕಲ್ಲು ಹೊಳೆದದ್ದನ್ನು ನೋಡಿ ಸಾವಕಾರರ ಹೆಂಡತಿ ಗುರಮ್ಮ ಎರಡೂ ಕೈ ಎತ್ತಿ ಮುಗಿದರು. ಬೇವಿನ ಗಿಡದ ನೇರಕ್ಕೆ ಬಂದಾಗ ಅವನಿಗೆ ಕೆಮ್ಮು ಬಂತು, ಕಲ್ಲು ತಿರುಗಿತು. ಸಾವಕಾರರು ಅಲ್ಲೇ ಒಂದು ಗುಂಡುಕಲ್ಲು ಇಡಿಸಿ, ಅದಕ್ಕೆ ಅರಿಶಿಣ ಕುಂಕುಮ ಹಚ್ಚಿಸಿ, ಮೇಲೊಂದು ನಿಂಬೆಹಣ್ಣು ಕೂಡಿಸಿದರು. ಈ ಭಾಗದಲ್ಲಿ ಗುರುತಿನ ಕಲ್ಲಿಗೆ ಪೂಜೆಯಾದ ಮೇಲೆ ಬೋರ್ ಗಾಡಿ ಎರಡನೆಯ ಮಾತಿಲ್ಲದೆ ಅಲ್ಲೇ ನಿಲ್ಲಬೇಕು. ಯಾರೂ ಆ ಕಲ್ಲನ್ನು ಮುಟ್ಟುವುದಿಲ್ಲ, ದಾಟುವುದೂ ಇಲ್ಲ.

ಗಾಡಿ ಬರಲು ಇನ್ನೂ ಹೊತ್ತಿತ್ತು. ಎಲ್ಲರೂ ಹೊಲದ ಮನೆಗೆ ಊಟಕ್ಕೆ ಹೋದರು. ಮಸೂದ ಹೊಸ ಕಲ್ಲು ಸಿಕ್ಕೀತೆಂದು ಹೊಳೆಯ ಕಡೆ ಇಳಿದ. ಕಲ್ಲಿನಾಥ ಹಸಿವಿಲ್ಲ ಎಂದು ಹೇಳಿ ಹಿಂದೆ ಉಳಿದ. ನಿಜವಾಗಿಯೂ ಅವನಿಗೆ ಹಸಿವಿರಲಿಲ್ಲ, ಹೊಟ್ಟೆಯಲ್ಲಿ ಬೇರೇನೋ ತುಂಬಿತ್ತು. ಗುರುತಿನ ಕಲ್ಲನ್ನು ನೋಡಿದ, ದಿನ್ನೆಯನ್ನು ನೋಡಿದ. ಕಲ್ಲು ದಿನ್ನೆಯ ಮೇಲಿದ್ದರೆ ಬರೀ ಧೂಳು ಬರುತ್ತದೆ, ಧೂಳು ಬಂದರೆ ಮಸೂದನ ಲೋಲಕ ಮರಳಿ ಕಪಾಟು ಸೇರುತ್ತದೆ.

ಎತ್ತಿಕೊಂಡ. ಕಲ್ಲು ಭಾರವಿತ್ತು. ನಿಂಬೆಹಣ್ಣು ಉರುಳಿ ತೊಗರಿ ಕೂಳೆಯಲ್ಲಿ ಬಿತ್ತು, ಅದನ್ನು ಹುಡುಕಿ ಬಾಯಲ್ಲಿ ಕಚ್ಚಿಕೊಂಡ. ಬಿಳಿ ಅಂಗಿಗೆ ಕುಂಕುಮವೆಲ್ಲ ಮೆತ್ತಿತು. ಏದುಸಿರು ಬಿಡುತ್ತ ದಿನ್ನೆ ಹತ್ತಿ ಕಲ್ಲನ್ನು ಇಳಿಸಿ ಮೇಲೆ ನಿಂಬೆಹಣ್ಣು ಕೂಡಿಸುವ ಹೊತ್ತಿಗೆ, ಮಜ್ಜಿಗೆಯ ತಂಬಿಗೆ ಹಿಡಿದು ಗುರಮ್ಮ ಬಂದರು. ಕಲ್ಲಿನಾಥ ಬೇರೆ ದಾರಿ ತೋಚದೆ ಕಲ್ಲಿಗೆ ಉದ್ದಂಡ ನಮಸ್ಕಾರ ಹಾಕಿಬಿಟ್ಟ. ಗುರಮ್ಮನ ಕಣ್ಣು ತುಂಬಿ ಬಂತು. ಮಸೂದನ ಗುರುತಿಗೆ ಕಲ್ಲಿನಾಥ ಅಡ್ಡಬಿದ್ದ, ಎಷ್ಟು ದೊಡ್ಡ ಮನಸ್ಸು ಎಂದು ಅವರು ಹೋಗಿ ಪಂಕ್ತಿಯಲ್ಲಿ ಕೂತವರಿಗೆಲ್ಲ ಹೇಳಿದರು. ಇನ್ನೇನು ಸ್ವಲ್ಪ ಹೊತ್ತು ತಾನೇ ಎಂದು ಕಲ್ಲಿನಾಥ ಈ ಅವಮಾನವನ್ನೂ ಮಜ್ಜಿಗೆಯ ಜೊತೆಗೆ ನುಂಗಿದ.

ಮಸೂದ ಹೊಳೆಯಿಂದ ಮರಳುವ ಹೊತ್ತಿಗೆ ಬೋರ್ ಗಾಡಿ ಬಂತು. ಅರಿಶಿಣ ಕುಂಕುಮ ಕಂಡಲ್ಲಿ ನಿಂತಿತು. ಬಯಲು ಹೊಲದಲ್ಲಿ ಗುರುತು ಎಲ್ಲಿತ್ತೆಂದು ಅಳೆದು ನೋಡುವವರು ಯಾರು? ರಾಡು ಇಳಿದಂತೆ ಬೂದುಬಣ್ಣದ ಧೂಳು ಮುಗಿಲಿಗೆ ಎದ್ದಿತು. ಎಲ್ಲರ ಮುಖ ಸಪ್ಪೆಯಾಯಿತು, ಕಲ್ಲಿನಾಥನಿಗೆ ಹಸಿವಾಯಿತು. ರೊಟ್ಟಿಯಲ್ಲಿ ಶೇಂಗಾ ಚಟ್ನಿಪುಡಿ ಸುತ್ತಿಕೊಂಡು ತಿನ್ನುತ್ತ ಸಾವಕಾರರ ಪಕ್ಕ ಬಂದು ಕೂತು, ಮನುಷ್ಯ ಅಂದ ಮೇಲೆ ತಪ್ಪಾಗುತ್ತದೆ, ಮಸೂದನನ್ನು ಬೈಯಬೇಡಿ ಎಂದು ಸಮಾಧಾನ ಹೇಳಿದ. ಇಷ್ಟು ರುಚಿಯಾದ ರೊಟ್ಟಿಯನ್ನು ಅವನು ಈಚೆಗೆ ತಿಂದಿರಲಿಲ್ಲ.

ರೊಟ್ಟಿ ಮುಗಿಯುವ ಮೊದಲೇ ಧೂಳು ಹಸಿಯಾಯಿತು. ಆಮೇಲೆ ಕೆಸರು ಬಂತು. ಕೆಸರಿನ ಹಿಂದೆಯೇ ಭುಸ್ಸೆಂದು ನೀರು ಎದ್ದು ಗಾಡಿಯವರನ್ನೂ ಸಾವಕಾರರನ್ನೂ ಬದುವಿನ ಮೇಲಿದ್ದವರನ್ನೂ ತೋಯಿಸಿತು. ಇಷ್ಟು ನೀರು ಮಣ್ಣೂರಿನ ಯಾವ ಬೋರಿನಲ್ಲೂ ಬಂದಿಲ್ಲ ಎಂದು ಗಾಡಿಯವರೇ ಹೇಳಿದರು. ಸಾವಕಾರರು ತಮ್ಮ ಹೆಗಲ ಮೇಲಿನ ಶಾಲು ತೆಗೆದು ಮಸೂದನಿಗೆ ಹೊದಿಸಿದರು. ನನಗೆ ಕಲ್ಲು ಗೊತ್ತು, ನೀರು ಗೊತ್ತಿಲ್ಲ ಎಂದು ಅವನು ಎಷ್ಟು ಹೇಳಿದರೂ ಜನ ಆ ಲೋಲಕವನ್ನು ಕೈಯಿಂದ ಕೈಗೆ ದಾಟಿಸಿ ಕಣ್ಣಿಗೆ ಒತ್ತಿಕೊಂಡರು. ಒದ್ದೆಯಾದ ನೀಲಿಕಲ್ಲು ಮೊದಲಿಗಿಂತ ಹೆಚ್ಚು ಹೊಳೆಯಿತು.

ಕಲ್ಲಿನಾಥ ಹಲ್ಲು ಕಚ್ಚಿಕೊಂಡು ನಿಂತಿದ್ದ. ಆ ನೀರು ತನ್ನದು. ಆ ಜಾಗಕ್ಕೆ ಕಲ್ಲು ಹೊತ್ತವನು ತಾನು, ಬೆವರು ಸುರಿಸಿದವನು ತಾನು, ಶಾಲು ಮಾತ್ರ ಮಸೂದನ ಹೆಗಲ ಮೇಲೆ. ಬಾಯಿ ಬಿಟ್ಟರೆ ಕದ್ದು ಕಲ್ಲು ಸರಿಸಿದ್ದು ಹೊರಬೀಳುತ್ತದೆ. ಆದರೂ ಅಷ್ಟು ಜನ ಮಸೂದನನ್ನು ಹೊಗಳುವುದನ್ನು ಕೇಳುತ್ತ ಸುಮ್ಮನಿರುವುದಕ್ಕಿಂತ ಕಳ್ಳ ಅನ್ನಿಸಿಕೊಳ್ಳುವುದೇ ಹಗುರ ಎನ್ನಿಸಿತು ಅವನಿಗೆ.

“ಸಾವಕಾರ್ರೇ, ಆ ಜಾಗ ಮಸೂದ ತೋರಿಸಿದ್ದಲ್ರಿ. ನೀವು ಊಟಕ್ಕ ಹೋದಾಗ ಗುರುತಿನ ಕಲ್ಲು ಹೊತ್ತು ತಂದು ಇಲ್ಲಿ ಇಟ್ಟಾವ ನಾನು” ಎಂದ.

ಎಲ್ಲರೂ ಅವನ ಅಂಗಿಯ ಮೇಲಿನ ಕುಂಕುಮ ನೋಡಿದರು. ಮಸೂದನಿಗೆ ಹೋದ ಜೀವ ಬಂದಂತಾಯಿತು. ಅವನು ಸಾಕ್ಷಿ ಹೇಳಲು ತಾನೇ ಮುಂದೆ ಬಂದ. “ಖರೇ ಅದರಿ. ನಾ ನಿಂತದ್ದು ಬ್ಯಾವಿನ ಗಿಡದ ನೇರಕ್ಕ. ಸಾವಕಾರ್ರೇ ಸರಿಸ್ಯಾರ ಅಂದ್ಕೊಂಡು ಸುಮ್ನಿದ್ದೆ. ಶಾಲು ಕಲ್ಲಿನಾಥ ಕಾಕಾಗೇ ಹಾಕ್ರಿ.”

ಕಲ್ಲಿನಾಥ ಶಾಲಿಗೆ ಕತ್ತು ಮುಂದೆ ಮಾಡಿದ. ಸಾವಕಾರರು ಶಾಲು ತೆಗೆಯಲು ಕೈ ಚಾಚಿದವರು ಅಲ್ಲೇ ನಿಲ್ಲಿಸಿ, ಇಲ್ಲಿ ನೀರಿದೆ ಎಂದು ನಿನ್ನ ಕಾಯಿ ಹೇಳಿತ್ತೇನು ಎಂದು ಕೇಳಿದರು. ಹೌದು ಎಂದಿದ್ದರೆ ಕತೆ ಮುಗಿಯುತ್ತಿತ್ತು. ಆದರೆ ಹಾಗಿದ್ದರೆ ಬೆಳಿಗ್ಗೆಯೇ ಯಾಕೆ ಹೇಳಲಿಲ್ಲ ಎಂದು ಉಸ್ಮಾನಸಾಬರು ನಡುವೆ ಬಾಯಿ ಹಾಕಿದರು. ಎರಡು ಕಡೆಯಿಂದ ಪ್ರಶ್ನೆ ಬಿದ್ದಾಗ ಕಲ್ಲಿನಾಥನ ಬಾಯಿಂದ ಸತ್ಯ ಜಾರಿತು.

“ಇಲ್ಲಿ ಹನಿ ನೀರೂ ಇಲ್ಲ ಅಂತಿತ್ರಿ ಕಾಯಿ. ಅದಕ್ಕೇ ಇಲ್ಲಿ ತಂದಿಟ್ಟೆ.”

ಬೈಗುಳ ಬರುತ್ತದೆಂದು ಅವನು ಕಣ್ಣು ಮುಚ್ಚಿಕೊಂಡ. ಬಂದದ್ದು ಗುರಮ್ಮನ ದನಿ.

“ನೋಡ್ರೆವ್ವಾ ಕಲ್ಲಿನ ಶಕ್ತಿ. ಮಸೂದ ಕೆಮ್ಮಿದ್ದಕ್ಕ ಗುರುತು ತಪ್ಪಿತ್ತು. ಆ ತಪ್ಪು ತಿದ್ದಾಕ ವೈರಿ ಕೈಲೇ ಗುಂಡುಕಲ್ಲು ಹೊರಿಸ್ಯದ. ಅಡ್ಡಬೀಳಿಸ್ಯದ ಸೈತ. ನಾ ಕಣ್ಣಾರೆ ನೋಡೇನಿ.”

ಬದುವಿನ ಮೇಲಿದ್ದವರು ಹೌದು ಹೌದು ಎಂದರು. ಅಲ್ಲಿಯವರೆಗೆ ಅನುಮಾನ ಇಟ್ಟುಕೊಂಡಿದ್ದ ಒಬ್ಬಿಬ್ಬರೂ ಬಂದು ಲೋಲಕಕ್ಕೆ ಕೈ ಮುಗಿದರು. ಹಾಗಲ್ಲ, ನಾನು ಹೊಟ್ಟೆಕಿಚ್ಚಿಗೆ ಮಾಡಿದ್ದು, ಬರೀ ಹೊಟ್ಟೆಕಿಚ್ಚಿಗೆ ಎಂದು ಕಲ್ಲಿನಾಥ ಕೂಗಿ ಹೇಳಿದ. ಆ ಕಿಚ್ಚನ್ನೂ ಕಲ್ಲೇ ಹುಟ್ಟಿಸಿರಬೇಕು ಎಂದು ಸಾವಕಾರರು ತೀರ್ಮಾನಿಸಿ, ಶಾಲನ್ನು ಮಸೂದನ ಹೆಗಲ ಮೇಲೆ ಸರಿಯಾಗಿ ಹೊದಿಸಿದರು. ಮಸೂದ ಪಾಪ, ಹೊಳೆಯಲ್ಲಿ ಸಿಕ್ಕ ಹೊಸ ಕಲ್ಲನ್ನು ಯಾರಿಗೂ ಕಾಣದಂತೆ ಕಿಸೆಯ ಆಳಕ್ಕೆ ತುರುಕಿದ.

ಕಲ್ಲಿನಾಥ ಬೈಕು ಹತ್ತುವಾಗ ಉಸ್ಮಾನಸಾಬರು ಹಿಂದೆಯೇ ಬಂದು ಭುಜದ ಮೇಲೆ ಕೈ ಇಟ್ಟರು. ಬರುವ ಶುಕ್ರವಾರ ಗೊಬ್ಬೂರಿನಲ್ಲಿ ತಮ್ಮ ಬೋರ್ ಇದೆ, ಇಬ್ಬರೂ ಬರಬೇಕು, ಒಬ್ಬರೇ ಬಂದರೆ ಉಪಯೋಗವಿಲ್ಲ ಎಂದರು. ನನಗಲ್ಲಿ ಏನು ಕೆಲಸ ಎಂದು ಕಲ್ಲಿನಾಥ ಕೇಳಿದ.

“ಮಸೂದ ಗುರುತು ಹಾಕ್ತಾನ. ನಾವೆಲ್ಲಾ ಊಟಕ್ಕ ಹೋಗ್ತೇವಿ, ನಿಮ್ಮ ಕಡಿ ಯಾರೂ ನೋಡಂಗಿಲ್ಲ. ನೀರಿಲ್ಲ ಅಂತ ನಿಮಗ ಎಲ್ಲಿ ಕಾಣ್ತದೋ ಅಲ್ಲಿಗಿ ಕಲ್ಲು ಸರಿಸಿಬಿಡ್ರಿ.”

ಉಸ್ಮಾನಸಾಬರು ಎರಡು ಹೆಜ್ಜೆ ಹೋದವರು ಏನೋ ನೆನಪಾಗಿ ತಿರುಗಿ ಬಂದರು.

“ಒಂದೇ ಮಾತ್ರಿ. ಅಲ್ಲೀತನಕ ಮಸೂದನ ಮ್ಯಾಲಿನ ಹೊಟ್ಟಿಕಿಚ್ಚು ಕಮ್ಮಿ ಆಗದಂಗ ನೋಡ್ಕೋರಿ. ಅದು ಆರಿತಂದ್ರ ನಮ್ಮ ಬೋರ್ ಕೆಡ್ತದ.”

ಆ ವಿಷಯದಲ್ಲಿ ಅವರು ಚಿಂತೆ ಮಾಡುವ ಕಾರಣವಿರಲಿಲ್ಲ.